ಮಣ್ಣಿಗೆ ಹೋದ ದಫ್ತರ, ಸೂಜಿ ಹಿಡಿದ ಶೇಂಡಲ್

ಬೆಳಕು ಹರಿಯುವ ಮೊದಲೇ ಶೇಂಡಲ್ ಗುರೆವಿಚ್ ಹಿಂಬಾಗಿಲು ತೆರೆದು ಕಟ್ಟೆಗೆ ಬರುತ್ತಾರೆ. ಕಟ್ಟೆಯ ಮೇಲೆ ಹಾಲಿನ ಕ್ರೇಟುಗಳು ಸಾಲಾಗಿ ಕೂತಿವೆ. ಕ್ರೇಟುಗಳ ತುಂಬ ಹಳೆಯ ದುಪ್ಪಟಿಯಲ್ಲಿ ಸುತ್ತಿಟ್ಟ ಪುಸ್ತಕಗಳು. ಫೆಬ್ರವರಿಯ ವಿನಿಪೆಗ್‌ನಲ್ಲಿ ಫ್ರಿಜ್ಜಿಗೆ ಕರೆಂಟು ಸುಡುವುದು ಶುದ್ಧ ದಡ್ಡತನ ಎಂಬುದು ಅವರ ಸಿದ್ಧಾಂತ. ಮೇಲಿನ ಹಿಮ ಕೊಡವಿ, ದಪ್ಪನೆಯ ದಫ್ತರವೊಂದನ್ನು ಎದೆಗವಚಿಕೊಂಡು ಒಳಗೆ ಬಂದು, ಕಾಲಿನಿಂದಲೇ ಬಾಗಿಲು ದೂಡುತ್ತಾರೆ.

ಮಹಡಿಯ ಮೇಲೆ ಬೆಳಗಿನ ಪ್ರಾರ್ಥನೆಗೆ ಗಂಡಸರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಬೂಟು ಕೊಡವುವ ಸದ್ದು, ಕೆಮ್ಮು, "ಹತ್ತು ಜನ ಆದ್ವಾ?" ಎನ್ನುವ ದಿನನಿತ್ಯದ ಪ್ರಶ್ನೆ. ಹತ್ತು ಜನ ಕೂಡದೆ ಅಲ್ಲಿ ಏನೂ ಶುರುವಾಗುವಂತಿಲ್ಲ. ನೆಲಮಾಳಿಗೆಯಲ್ಲಿ ಶೇಂಡಲ್ ಒಬ್ಬರೇ ಕೆಲಸ ಶುರು ಹಚ್ಚಿಕೊಳ್ಳುತ್ತಾರೆ. ಕೆಟಲ್‌ನಲ್ಲಿ ನೀರಿಡುತ್ತಾರೆ, ಬ್ಲಾಟಿಂಗ್ ಪೇಪರ್ ಹರವುತ್ತಾರೆ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸುತ್ತಾರೆ.

ಇಂದು ತಂದದ್ದು ಶವಸಂಸ್ಕಾರ ಸಂಘದ ದಫ್ತರ. ಯಹೂದಿಗಳ ಈ ಪ್ರಾರ್ಥನಾ ಮಂದಿರಕ್ಕೆ ಸೇರಿದವರಲ್ಲಿ ಯಾರು ಯಾವಾಗ ತೀರಿಕೊಂಡರು, ಸ್ಮಶಾನದ ಯಾವ ಸಾಲಿನಲ್ಲಿ ಮಲಗಿದ್ದಾರೆ ಎಂಬುದೆಲ್ಲ ಇದರಲ್ಲಿದೆ. ಮೂರು ತಿಂಗಳು ಚಳಿಯಲ್ಲಿ ಕೂತು ಪುಸ್ತಕ ತನ್ನೊಳಗಿನ ನೀರನ್ನೆಲ್ಲ ಬಿಟ್ಟುಕೊಟ್ಟಿದೆ. ಆದರೆ ಎರಡು ಹಾಳೆಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡು ಹಟ ಹಿಡಿದಿವೆ. ಆ ಎರಡೂ 1957ನೇ ಇಸವಿಯವು. ಇಲ್ಲಿಂದ ಆರು ಬೀದಿ ಆಚೆಗಿನ ವೃದ್ಧಾಶ್ರಮದಲ್ಲಿ ತೊಂಬತ್ತೆರಡರ ಪೇಸ್ಯಾ ಬಿಲಿನ್‌ಸ್ಕಿ ಕಾಯುತ್ತಿರುವುದು ಅವುಗಳಿಗಾಗಿಯೇ. ಅವುಗಳ ನಡುವೆ ಅವರ ಮೊದಲ ಮಗನ ಹೆಸರಿದೆ. ಹೆತ್ತ ತಾಯಿಗೆ ಆ ಹೆಸರು ಇವತ್ತಿನವರೆಗೂ ಗೊತ್ತಿಲ್ಲ.

ಫಲಕದಲ್ಲಿ ಸಿನಗಾಗ್ ಎಂದಿದ್ದರೂ ಊರಿನ ಉತ್ತರ ಭಾಗದ ಯಹೂದಿಗಳ ಬಾಯಲ್ಲಿ ಇದು ಶೂಲ್, ಅದರಲ್ಲೂ ದರ್ಜಿಗಳ ಶೂಲ್. ಹಗಲೆಲ್ಲ ಕೋಟು ಹೊಲಿದವರು ರಾತ್ರಿ ಇಟ್ಟಿಗೆ ಹೊತ್ತು ಕಟ್ಟಿಕೊಂಡದ್ದು. ಅದರ ಕಡತಗಳನ್ನು ಇಂದು ನೋಡಿಕೊಳ್ಳುತ್ತಿರುವವರೂ ಸೂಜಿ ಹಿಡಿದವರೇ. ಅರವತ್ತೆಂಟರ ಶೇಂಡಲ್ ಮೂವತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಚಳಿಕೋಟು ಹೊಲಿದವರು. ಕಾರ್ಖಾನೆ ಮುಚ್ಚಿದ ಮೇಲೆ ಶೂಲ್ ಆಫೀಸಿಗೆ ಅರ್ಧ ದಿನದ ಕೆಲಸಕ್ಕೆ ಸೇರಿದರು. ಅರ್ಧ ದಿನ ಎನ್ನುವುದು ಸಂಬಳಕ್ಕೆ ಮಾತ್ರ, ಸಂಜೆ ದೀಪ ಆರಿಸಿ ಬೀಗ ಹಾಕುವವರೂ ಅವರೇ.

"ಬಂದ ಮೊದಲನೇ ವಾರ ಬೀರು ತೆಗೆದೆ. ಒಂದು ಪುಸ್ತಕದ ಬೆನ್ನು ಬಿಚ್ಕೊಂಡು ನನ್ನ ಕೈಗೆ ಬಂತು. ಹೊಲಿಗೆ ಬಿಟ್ಟಿದೆ ಅಂದ್ರೆ ಹಾಕೋಣ, ಅದಕ್ಕೇನಂತೆ, ಅಂತ ಕೂತೆ. ಹೊಲೀತಾ ಹೊಲೀತಾ ಓದೋಕೆ ಶುರು ಮಾಡಿದೆ ನೋಡಿ, ಅಲ್ಲಿಗೆ ಮುಗೀತು ನನ್ನ ಕಥೆ" ಎಂದು ನಗುತ್ತಾರೆ.

ಹಳೆಯ ಯಹೂದಿಗಳ ಮನೆಮಾತಾದ ಯಿಡ್ಡಿಶ್ ಅನ್ನು ಕೈಬರಹದಲ್ಲಿ ಓದಬಲ್ಲವರು ಈಗ ಈ ಬೀದಿಯಲ್ಲಿ ಬೆರಳೆಣಿಕೆಯಷ್ಟು. ಶೇಂಡಲ್‌ಗೆ ಅದನ್ನು ಕಲಿಸಿದ್ದು ಅಜ್ಜಿ, ಊರಿಂದ ಬರುತ್ತಿದ್ದ ಕಾಗದಗಳನ್ನು ಓದಿಸಿಕೊಳ್ಳುವ ಸ್ವಾರ್ಥಕ್ಕೆ. ಇಂದು ಆ ಸ್ವಾರ್ಥದ ಫಲ ಮೂರು ಖಂಡದವರಿಗೆ ಸಿಗುತ್ತಿದೆ. ಮುತ್ತಜ್ಜನ ಮದುವೆಯ ದಾಖಲೆ ಬೇಕೆಂದು ಯಾರೋ ಮೆಲ್ಬರ್ನ್‌ನಿಂದ ಬರೆಯುತ್ತಾರೆ. ತಾನು ಯಾರ ಮೊಮ್ಮಗಳೆಂದು ತೋರಿಸದೆ ಮದುವೆ ಮಾಡಿಸುವವರಿಲ್ಲ ಎಂದು ಇನ್ಯಾರೋ ಹುಡುಗಿ ಫೋನಿನಲ್ಲಿ ಅಳುತ್ತಾಳೆ. ಶೇಂಡಲ್ ಹುಡುಕಿ ಕೊಡುತ್ತಾರೆ, ಜೊತೆಗೆ ಕೇಳದ ಸುದ್ದಿಯನ್ನೂ ಕೊಡುತ್ತಾರೆ. ‘ನಿಮ್ಮ ಮುತ್ತಜ್ಜ ಮುಂದಿನ ಸಾಲಿನ ಕುರ್ಚಿಗೋಸ್ಕರ ಎರಡು ಸಭೆ ಕೆಡಿಸಿದ ಭೂಪ’ ಎಂದು ಮೆಲ್ಬರ್ನ್‌ನವರಿಗೆ ಬರೆದು ಕಳಿಸಿದವರು ಇವರೇ. ಸತ್ತುಹೋದ ಕಾರ್ಯದರ್ಶಿಗಳ ಅಕ್ಷರ ನೋಡಿ ಅವರ ಹೊಟ್ಟೆಯ ಪಾಡನ್ನೂ ಹೇಳಬಲ್ಲರು. "ಇವನು ನೋಡಿ, ಸಭೆಗೆ ಊಟ ಮಾಡ್ದೆ ಬಂದಿದಾನೆ. ಸಾಲು ಹೋಗ್ತಾ ಹೋಗ್ತಾ ಹೆಂಗೆ ಜಾರಿದೆ ನೋಡಿ!"

ಕಳೆದ ಅಕ್ಟೋಬರಿನ ಒಂದು ಶುಕ್ರವಾರ ಮಧ್ಯಾಹ್ನ ಪೇಸ್ಯಾ ಬಿಲಿನ್‌ಸ್ಕಿ ಗಾಲಿಕುರ್ಚಿಯಲ್ಲಿ ಇಲ್ಲಿಗೆ ಬಂದರು. ಯಾವ ಕೆಲಸವನ್ನೂ ಮುಟ್ಟಬಾರದ ವಾರದ ಸಬ್ಬತ್ತಿಗೆ ಸಂಜೆ ದೀಪ ಹಚ್ಚುವ ಹೊತ್ತು ಹತ್ತಿರವಾಗಿತ್ತು, ಶೇಂಡಲ್ ಬೀಗದ ಕೈ ಹಿಡಿದು ಹೊರಟಿದ್ದರು. ಮುದುಕಿ ಸುತ್ತಿ ಬಳಸಿ ಮಾತಾಡುವ ಪೈಕಿ ಅಲ್ಲ.

"1957ರಲ್ಲಿ ನನಗೊಂದು ಗಂಡು ಮಗು ಆಯ್ತು. ಐದು ದಿನ ಇತ್ತು. ಅದಕ್ಕೆ ಏನು ಹೆಸರಿಟ್ರು ಅಂತ ನನಗೆ ಬೇಕು."

ಗಂಡು ಮಗುವಿಗೆ ಹೆಸರಿಡುವುದು ಎಂಟನೆಯ ದಿನ, ಸುನ್ನತಿಯ ಹೊತ್ತಿಗೆ. ಅದಕ್ಕೆ ಮೊದಲೇ ಹೋದ ಮಗುವಿಗೆ ಶವಸಂಸ್ಕಾರ ಸಂಘದ ಗಂಡಸರು ಸ್ಮಶಾನದಲ್ಲೇ ಆ ಶಾಸ್ತ್ರ ಮುಗಿಸಿ, ಪರಲೋಕದಲ್ಲಿ ಕರೆಯಲು ಒಂದು ಹೆಸರು ಕೊಟ್ಟು ಮಣ್ಣು ಮಾಡುತ್ತಾರೆ. ಅಂಥ ಮಗುವಿಗೆ ಅಂದಿನ ಕಾಲದಲ್ಲಿ ಕಲ್ಲು ನೆಡುತ್ತಿರಲಿಲ್ಲ, ಸೂತಕ ಆಚರಿಸುತ್ತಿರಲಿಲ್ಲ. ಬಾಣಂತಿಯನ್ನು ಅತ್ತ ಕರೆದೊಯ್ಯುವ ಮಾತೇ ಇಲ್ಲ. ‘ಮರೆತುಬಿಡು, ಇನ್ನೊಂದಾಗುತ್ತೆ’ ಎಂದು ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಹೇಳಿದವರಿಗೆ ಅದು ಕರುಣೆಯಾಗಿ ಕಂಡಿತ್ತು. ಅದು ಕರುಣೆಯಲ್ಲ ಎಂದು ಕೇಳಿದವರಿಗೆಲ್ಲ ಈಗ ಅನ್ನಿಸುತ್ತದೆ. ಪೇಸ್ಯಾರ ಗಂಡ ವೆಲ್ವಲ್ ಅಂದು ಸ್ಮಶಾನದಲ್ಲಿದ್ದ, ಆದರೆ ಮನೆಗೆ ಬಂದು ಬಾಯಿ ಬಿಡಲಿಲ್ಲ. ಹೆಂಡತಿ ಕೇಳಲಿಲ್ಲ. ಹಾಗೇ ನಲವತ್ತು ವರ್ಷ ಸಂಸಾರ ಮಾಡಿ ಅವನೂ ಹೋದ.

"ಪುಸ್ತಕ ಬೀರೂಲೇ ಇದೆ ಮಿಸಸ್ ಬಿಲಿನ್‌ಸ್ಕಿ, ಸೋಮವಾರ ಬೆಳಗ್ಗೆ ನಾನೇ ಬಂದು ಹೇಳ್ತೀನಿ" ಎಂದರು ಶೇಂಡಲ್.

"ಇಷ್ಟು ವರ್ಷ ಕಾದಿದೀನಿ, ಸೋಮವಾರ ಏನು ಮಹಾ, ಹುಡುಗಿ" ಎಂದು ಪೇಸ್ಯಾ ಕುರ್ಚಿ ತಿರುಗಿಸಿಕೊಂಡರು.

ಬೀರು ತೆಗೆದು ನೋಡಲು ಬೇಕಿದ್ದ ಆ ಎರಡು ನಿಮಿಷವನ್ನು ನೆನೆದು ಶೇಂಡಲ್ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. ಶನಿವಾರ ಸಂಜೆ ಸಬ್ಬತ್ ಮುಗಿದ ಕೂಡಲೇ ಅವರು ರೆಜಿನಾ ಊರಿಗೆ ಸೋದರಳಿಯನ ಮದುವೆಗೆಂದು ಬಸ್ಸು ಹತ್ತಿದರು. ಭಾನುವಾರ ಇಲ್ಲಿ ನೆಲಮಾಳಿಗೆಯ ಸ್ವಚ್ಛತಾ ಕಾರ್ಯಕ್ರಮ ನಡೆಯಿತು.

ಕಾರ್ಯಕ್ರಮದ ಮುಂದಾಳು ಹೆರ್ಶ್ ಮಿಲ್‌ಗ್ರಾಮ್. ಹಿಂದೆ ತುಪ್ಪಳದ ಅಂಗಡಿ ಇಟ್ಟಿದ್ದವರು, ಈಗ ಶೂಲ್‌ನ ಅಧ್ಯಕ್ಷರು, ಶೇಂಡಲ್ ಜೊತೆ ಮೂರನೇ ಕ್ಲಾಸಿನಿಂದ ಜಗಳವಾಡುತ್ತ ಬಂದವರು. ದೇವರ ಹೆಸರಿರುವ ಕಾಗದವನ್ನು ಕಸಕ್ಕೆ ಹಾಕುವಂತಿಲ್ಲ, ಸವೆದ ಪ್ರಾರ್ಥನಾ ಪುಸ್ತಕಗಳನ್ನು ಮನುಷ್ಯರಂತೆಯೇ ಮಣ್ಣು ಮಾಡಬೇಕು. ಹೆರ್ಶ್ ಬಹಳ ಭಕ್ತಿಯಿಂದ ನಾಲ್ಕು ಜನರನ್ನು ಕಟ್ಟಿಕೊಂಡು ಹರಿದ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದರು. ಅಷ್ಟರಲ್ಲಿ ಬೀರು ಕಣ್ಣಿಗೆ ಬಿತ್ತು. ಒಳಗೆ ನಲವತ್ತು ದಫ್ತರ. ಕೈಬರಹ ಅವರಲ್ಲಿ ಯಾರಿಗೂ ಓದಲು ಬಾರದು. ಆದರೆ ಪ್ರತಿ ಪುಟದ ನೆತ್ತಿಯ ಮೇಲಿದ್ದ ಎರಡು ಅಕ್ಷರಗಳು ಎಲ್ಲರಿಗೂ ಬಂದವು. ಹಳೆಯ ಕಾರ್ಯದರ್ಶಿಗಳು ಏನು ಬರೆಯುವ ಮೊದಲೂ ‘ದೇವರ ದಯೆಯಿಂದ’ ಎಂಬುದನ್ನು ಆ ಎರಡಕ್ಷರದಲ್ಲಿ ಗುರುತು ಹಾಕುತ್ತಿದ್ದರು. ದೇವರ ಹೆಸರಿದೆ, ಪುಸ್ತಕ ಹಳತು. ಇನ್ನೇನು ಯೋಚನೆ? ದೇವರಿಗೆ ಹೆದರದ ಮಂದಿಯಾಗಿದ್ದರೆ ದಫ್ತರಗಳು ಬೀರುವಿನಲ್ಲೇ ಸುಖವಾಗಿರುತ್ತಿದ್ದವು.

ಸೋಮವಾರ ಶೇಂಡಲ್ ಬಂದಾಗ ನೆಲಮಾಳಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು.

"ಹೆಂಗಿದೆ?" ಹೆರ್ಶ್ ಎದೆ ಸೆಟೆಸಿ ನಿಂತಿದ್ದರು. "ಒಂದು ಚೂರೂ ಕಸಕ್ಕೆ ಹೋಗ್ಲಿಲ್ಲ. ಎಲ್ಲಾ ಮರ್ಯಾದೆಯಿಂದ ಕಳಿಸ್ಕೊಟ್ವಿ."

"ಈ ಬೀರೂಲಿದ್ದದ್ದು ಎಲ್ಲಿ?"

"ಅದೂ ಹೋಯ್ತಲ್ಲ. ದೇವರ ಹೆಸರಿತ್ತು ಕಣೇ ಪ್ರತಿ ಪುಟದಲ್ಲೂ. ಹಂಗೇ ಬಿಡೋಕಾಗತ್ತಾ?"

"ಹೆರ್ಶ್, ನೀನು ಬರೀ ತುಪ್ಪಳ ಮಾರ್ಕೊಂಡಿರಬೇಕಿತ್ತು ಕಣಯ್ಯ" ಎಂದು ಶೇಂಡಲ್ ನೆಲದ ಮೇಲೇ ಕೂತುಬಿಟ್ಟರು. ಅರ್ಥವಾದ ಮೇಲೆ ಹೆರ್ಶ್ ಕೂಡ ಪಕ್ಕದಲ್ಲಿ ಕೂತರು.

ಸ್ಮಶಾನದ ಮಣ್ಣಿನಿಂದ ತೆಗೆಯಬೇಕೆಂದರೆ ಧರ್ಮಗುರುವಾದ ರಬ್ಬಿಯ ಅಪ್ಪಣೆ ಬೇಕು. ರಬ್ಬಿ ಎಲ್ಯೋಕಿಮ್ ಶೋರ್ ವಯಸ್ಸಿನಲ್ಲಿ ಚಿಕ್ಕವರು, ಸ್ವಭಾವದಲ್ಲಿ ನಿಧಾನಿ. ಗೌರವದಿಂದ ಮಣ್ಣಿಗಿಟ್ಟದ್ದನ್ನು ಮತ್ತೆ ಅಗೆಯುವುದು ಸಣ್ಣ ಮಾತಲ್ಲ, ಮಾಂಟ್ರಿಯಲ್‌ನ ಹಿರಿಯರಿಗೆ ಬರೆದು ಕೇಳುತ್ತೇನೆ ಎಂದರು. ಬರೆದರು. ಉತ್ತರ ಬರಲಿಲ್ಲ. ನವೆಂಬರ್ ಬಂತು, ಮೊದಲ ಹಿಮ ಬಿತ್ತು. ಇನ್ನೊಂದು ವಾರ ಹೋದರೆ ನೆಲ ಕಬ್ಬಿಣವಾಗುತ್ತದೆ, ಆಮೇಲೆ ಏಪ್ರಿಲ್‌ವರೆಗೆ ಗುದ್ದಲಿ ಇಳಿಯುವುದಿಲ್ಲ. ಹಿಮ ಕರಗುವ ಹೊತ್ತಿಗೆ ಕಾಗದ ಗಂಜಿಯಾಗಿರುತ್ತದೆ. ತೊಂಬತ್ತೆರಡರ ಪೇಸ್ಯಾ ಏಪ್ರಿಲ್ ನೋಡುತ್ತಾರೆಂಬ ಖಾತ್ರಿಯೂ ಇಲ್ಲ.

ಶೇಂಡಲ್ ರಬ್ಬಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಸವೆದು ಕೆಲಸ ಮುಗಿದ ಪುಸ್ತಕಾನ ಅಲ್ವಾ ರಬ್ಬಿ ನಾವು ಹೂಳೋದು?"

"ಹೌದು."

"ಬೀರೂಲಿದ್ದ ಯಾವುದರ ಕೆಲಸಾನೂ ಮುಗಿದಿಲ್ಲ, ಜನ ಇನ್ನೂ ಕೇಳ್ತಾನೇ ಇದಾರೆ. ಸಂಘದ ದಫ್ತರಾನೇ ತಗೊಳ್ಳಿ. ಸೆಪ್ಟೆಂಬರಲ್ಲಿ ಕೂಡ ಅದರಲ್ಲಿ ಒಂದು ಹೆಸರು ಬರೆದಿದೀನಿ. ಅದರ ಕೊನೇ ಪುಟದಲ್ಲಿ ಇನ್ನೂ ಖಾಲಿ ಸಾಲುಗಳಿವೆ. ನಂದು, ನಿಮ್ದು, ಆ ಹೆರ್ಶ್‌ದು ಎಲ್ಲಾ ಅಲ್ಲೇ ಬರೀಬೇಕಾಗಿರೋದು. ಬರೆಯೋಕೆ ಜಾಗ ಇರೋ ಪುಸ್ತಕಾನ ಸತ್ತೋಗಿದೆ ಅಂತ ಹೆಂಗೆ ಹೇಳ್ತೀರಿ?"

ರಬ್ಬಿ ಗಡ್ಡ ನೀವಿಕೊಂಡರಂತೆ. ಎದ್ದು ಕೋಟು ಹಾಕಿಕೊಂಡರು. "ಉಸಿರಿರೋದನ್ನ ಹೂತಿದ್ರೆ ತೆಗೆಯೋಕೆ ಮಾಂಟ್ರಿಯಲ್ಲನ್ನ ಕೇಳಬೇಕಾಗಿಲ್ಲ. ನಡೀರಿ."

ತೆಗೆಯಲು ಹೋದಾಗ ಇನ್ನೊಂದು ಪೇಚು. ಎಲ್ಲಿ ಹೂತದ್ದು? ಅಂದು ಗುಂಡಿ ತೋಡಿದ್ದು ಒಂದು ದಿನದ ಕೂಲಿಗೆ ಬಂದವರು, ಅವರ ಪತ್ತೆಯಿಲ್ಲ. ಪೆಟ್ಟಿಗೆಗಳ ಜೊತೆ ಒಬ್ಬರೇ ಹೋಗಿದ್ದ ಹೆರ್ಶ್ ಕೊಹೆನ್ ವಂಶದವರು. ಪುರೋಹಿತರ ಆ ವಂಶದ ಗಂಡಸರು ಸ್ಮಶಾನದೊಳಗೆ ಕಾಲಿಡುವಂತಿಲ್ಲ. ಅವರು ಗೇಟಿನಲ್ಲೇ ನಿಂತು ಕೈಮುಗಿದು ವಾಪಸಾಗಿದ್ದರು. ಊರಿನ ಅಷ್ಟೂ ಗೋರಿಗಳ ಲೆಕ್ಕವಿದ್ದ ಪುಸ್ತಕವನ್ನು ಎಲ್ಲಿ ಹೂತರೆಂದು ಬರೆದಿಟ್ಟವರು ಯಾರೂ ಇರಲಿಲ್ಲ.

ಕೈಹಿಡಿದದ್ದು ಸ್ಮಶಾನದ ಕಾವಲುಗಾರ ಓರೆಸ್ಟ್ ಹ್ನಾಟ್ಯುಕ್. ಉಕ್ರೇನಿನ ಮೂಲದ, ಮಾತು ಕಡಿಮೆಯ ಮನುಷ್ಯ, ಹೂತ ಆ ಭಾನುವಾರ ರಜೆಯಲ್ಲಿದ್ದವರು. ಉದ್ದನೆಯ ಕಬ್ಬಿಣದ ಸರಳು ಹಿಡಿದು ಹಿಮದ ಮೇಲೆ ಒಂದೊಂದೇ ಹೆಜ್ಜೆಗೆ ಚುಚ್ಚುತ್ತ ನಡೆದರು. ಹಳೆಯ ನೆಲ ಸರಳನ್ನು ತಡೆಯುತ್ತದೆ, ಹೊಸದಾಗಿ ಮುಚ್ಚಿದ ಮಣ್ಣು ಒಳಗೆ ಬಿಟ್ಟುಕೊಳ್ಳುತ್ತದೆ. ಬೇಲಿಯಾಚೆ ಹೆರ್ಶ್ ಫ್ಲಾಸ್ಕ್ ಹಿಡಿದು ಕುಣಿಯುತ್ತಿದ್ದರು.

"ಎಡಕ್ಕೆ! ಇನ್ನೂ ಎಡಕ್ಕೆ ಇರಬೇಕು ಓರೆಸ್ಟ್!"

"ನೀನು ಬಾಯ್ಮುಚ್ಕೊಂಡು ಟೀ ಕುಡಿ!" ಶೇಂಡಲ್ ಬೇಲಿಯೊಳಗಿಂದ ಕೂಗಿದರು.

ಪೆಟ್ಟಿಗೆಗಳು ಸಿಕ್ಕಿದ್ದು ಬಲಗಡೆ, ಮಧ್ಯಾಹ್ನದ ಬೆಳಕು ಬಾಡುವ ಹೊತ್ತಿಗೆ. ರಟ್ಟು ನೆನೆದು ಕೈಗೆ ಕಿತ್ತು ಬರುತ್ತಿತ್ತು. ಸವೆದ ಪ್ರಾರ್ಥನಾ ಪುಸ್ತಕಗಳನ್ನು ರಬ್ಬಿ ತಮ್ಮ ಕೈಯಾರೆ ಮತ್ತೆ ಒಳಗಿಟ್ಟು ಮಣ್ಣೆಳೆದರು. ನಲವತ್ತು ದಫ್ತರಗಳು ಹೆರ್ಶ್‌ರ ಗಾಡಿ ಏರಿದವು. ದಾರಿಯುದ್ದಕ್ಕೂ ಅವರು ಹಂಪು ಕಂಡಲ್ಲೆಲ್ಲ ಇಳಿದು ನೋಡಿಕೊಂಡು ಓಡಿಸಿದರಂತೆ.

ಒದ್ದೆ ಪುಸ್ತಕಕ್ಕೆ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಹೀಟರ್ ಪಕ್ಕ ಇಡೋಣವೇ ಎಂದವರಿಗೆ ಶೇಂಡಲ್ ಕಣ್ಣು ಕೆಂಪಗೆ ಮಾಡಿದರು. ಅವರು ಅಷ್ಟನ್ನೂ ಬಟ್ಟೆಯಲ್ಲಿ ಸುತ್ತಿ ಕಟ್ಟೆಗೆ ಹಾಕಿದರು. ಹೆಪ್ಪುಗಟ್ಟಿದ ಪುಸ್ತಕದಲ್ಲಿ ಬೂಷ್ಟಿನ ಆಟ ನಡೆಯುವುದಿಲ್ಲ. ಒಣ ಚಳಿಗೆ ಒಳಗಿನ ಮಂಜು ನೀರಾಗದೆ ಹಾಗೇ ಆರಿಹೋಗುತ್ತದೆ.

"ಇದನ್ನ ಯಾರೂ ಹೇಳ್ಕೊಡಬೇಕಾಗಿಲ್ಲ. ನಮ್ಮಮ್ಮ ಚಳಿಗಾಲದಲ್ಲೂ ಬಟ್ಟೆ ಹೊರಗೇ ಒಣಗಹಾಕ್ತಿದ್ಲು. ಅಪ್ಪನ ಪ್ಯಾಂಟು ಹಲಗೆ ಥರ ತಾನಾಗೇ ನಿಂತ್ಕೊಳ್ಳೋದು, ನಾವು ಅದಕ್ಕೆ ಟೋಪಿ ಹಾಕಿ ಆಡ್ತಿದ್ವಿ. ನಾಲ್ಕು ದಿನ ಬಿಟ್ಟು ಮುಟ್ಟಿದ್ರೆ ಒಣಗಿರೋದು. ಪ್ಯಾಂಟಿಗಿಂತ ಕಾಗದ ಏನು ದಪ್ಪ?"

ಈ ಚಳಿಗಾಲ ಅವರಿಗೆ ರಜೆ ಎಂಬುದಿಲ್ಲ. ದಿನಕ್ಕೆ ಒಂದು ಪುಸ್ತಕ ಒಳಗೆ ಬರುತ್ತದೆ. ಹಾಳೆ ಹಾಳೆಗೆ ಬ್ಲಾಟಿಂಗ್ ಪೇಪರ್, ಮೂಳೆಯ ಪಟ್ಟಿಯಿಂದ ಸುಕ್ಕು ತೀಡುವುದು, ಬಿಚ್ಚಿದ ಬೆನ್ನಿಗೆ ಮೇಣ ಹಚ್ಚಿದ ನಾರಿನ ದಾರದ ಹೊಲಿಗೆ. ಕರಿ ಮಸಿಯಲ್ಲಿ ಬರೆದದ್ದು ಉಳಿದಿದೆ. ನೀಲಿ ಮಸಿಯ ಶೋಕಿ ಮಾಡಿದ ಒಬ್ಬ ಕಾರ್ಯದರ್ಶಿಯ ಐದು ವರ್ಷ ಪೂರ್ತಿ ತೊಳೆದುಹೋಗಿದೆ. "ಅವನನ್ನ ನಾನು ಮೇಲೆ ಹೋದ ಮೇಲೆ ವಿಚಾರಿಸ್ಕೋತೀನಿ" ಎನ್ನುತ್ತಾರೆ. ಹೆರ್ಶ್ ದಿನವೂ ಪ್ರಾರ್ಥನೆ ಮುಗಿಸಿ ಕೆಳಗಿಳಿದು ಬರುತ್ತಾರೆ, ಹೇಳಿದ್ದನ್ನು ಎತ್ತಿಕೊಡುತ್ತಾರೆ, ಕೇಳದೆ ಏನನ್ನೂ ಮುಟ್ಟುವುದಿಲ್ಲ.

ಇಂದೂ ಬಂದು ಮೇಜಿನ ಆಚೆ ನಿಂತಿದ್ದಾರೆ. ಶೇಂಡಲ್ ಕೆಟಲ್‌ನ ಆವಿಗೆ ಬಟ್ಟೆ ಹಿಡಿದು, ಆ ಬಟ್ಟೆಯನ್ನು ಅಂಟಿದ ಹಾಳೆಗಳ ಅಂಚಿಗೆ ಮುಟ್ಟಿಸಿ ತೆಗೆಯುತ್ತಾರೆ. ಮೂಳೆಯ ಪಟ್ಟಿ ಕೂದಲೆಳೆಯಷ್ಟು ಒಳಗೆ ಹೋಗುತ್ತದೆ. ಮತ್ತೆ ಆವಿ. ಹೆರ್ಶ್ ಉಸಿರು ಬಿಗಿಹಿಡಿದದ್ದು ಕೇಳುತ್ತದೆ.

"ಉಸಿರಾಡು ಮಾರಾಯ, ನಿನ್ನನ್ನೂ ಇವತ್ತೇ ಬರೀಬೇಕಾಗತ್ತೆ."

ಹಾಳೆ ಒಂದು ಮೂಲೆಯಿಂದ ಸಣ್ಣಗೆ ಸದ್ದು ಮಾಡಿ ಬಿಡುತ್ತದೆ. ಒಂದು ಕಡೆ ಮಸಿ ಮಬ್ಬಾಗಿದೆ, ಮೂರು ಸಾಲು ಹೋಗಿಯೇಬಿಟ್ಟಿವೆ. ನಾಲ್ಕನೆಯದು ಇದೆ. ಶೇಂಡಲ್ ಎರಡೂ ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ, ಇನ್ನೊಮ್ಮೆ ಓದುತ್ತಾರೆ, ಆಮೇಲೆ ಕನ್ನಡಕ ತೆಗೆದು ಮೂಗು ಒರೆಸಿಕೊಳ್ಳುತ್ತಾರೆ. ಹೆರ್ಶ್‌ಗೆ ಏನೆಂದು ಹೇಳುವುದಿಲ್ಲ. "ತಾಯಿಗೆ ಮೊದಲು" ಎಂದಷ್ಟೇ ಹೇಳಿ ಕೋಟಿಗೆ ಕೈ ಹಾಕುತ್ತಾರೆ. ಹೆರ್ಶ್ ಗಾಡಿಯ ಕೀಲಿ ಹಿಡಿದು ಆಗಲೇ ಮೆಟ್ಟಿಲ ಮೇಲಿದ್ದಾರೆ.

ವೃದ್ಧಾಶ್ರಮದ ಕೋಣೆಯಲ್ಲಿ ಪೇಸ್ಯಾ ಬಿಲಿನ್‌ಸ್ಕಿ ಬೆಳಗಿನ ಓಟ್ಸ್ ಗಂಜಿಯನ್ನು ಬೈದುಕೊಂಡು ತಿನ್ನುತ್ತಿದ್ದಾರೆ. ಶೇಂಡಲ್ ಮಂಚದ ಮೇಲೆ ಬಟ್ಟೆ ಹಾಸಿ, ದಫ್ತರ ಬಿಡಿಸಿ, ಸಾಲಿನ ಮೇಲೆ ಬೆರಳಿಡುತ್ತಾರೆ.

"ಝೆಲಿಗ್. ವೆಲ್ವಲ್ ಬಿಲಿನ್‌ಸ್ಕಿ ಮಗ. ಏಳನೇ ಸಾಲು, ಬೇಲಿ ಕಡೆಯಿಂದ ಮೂರನೇದು."

ಪೇಸ್ಯಾ ಚಮಚ ಕೆಳಗಿಡುತ್ತಾರೆ.

"ಝೆಲಿಗ್? ಅದು ನಮ್ಮ ಮಾವನ ಹೆಸರು."

ಗಂಜಿಯ ಬಟ್ಟಲನ್ನು ಆಚೆ ಸರಿಸುತ್ತಾರೆ.

"ಎರಡನೇ ಮಗ ಹುಟ್ಟಿದಾಗ ನಾನೇ ಹೇಳ್ದೆ, ನಿಮ್ಮಪ್ಪ ತೀರ್ಕೊಂಡಿದಾರೆ, ಅವರ ಹೆಸರು ಇಡೋಣ, ಅದೇ ತಾನೇ ಪದ್ಧತಿ ಅಂತ. ಬೇಡ ಅಂದ. ಯಾಕೆ ಬೇಡ? ಬೇಡ ಅಂದ್ರೆ ಬೇಡ. ಒಂದು ವಾರ ಜಗಳ ಆಡಿದೀನಿ ಹುಡುಗಿ, ಹೆತ್ತಪ್ಪನ ಮೇಲೆ ಇಷ್ಟು ದ್ವೇಷವಾ ನಿನಗೆ ಅಂತ ಬಾಯಿಗೆ ಬಂದಂಗೆ ಬೈದಿದೀನಿ. ಕೊನೆಗೆ ಐಸರ್ ಅಂತ ಇಟ್ವಿ. ಐಸರ್ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ." ಮುದುಕಿ ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. "ಆ ಹೆಸರು ಆಗ್ಲೇ ಕೊಟ್ಟಾಗಿತ್ತು. ಅಣ್ಣನ ಹೆಸರು ತಮ್ಮನಿಗೆ ಹೆಂಗೆ ಇಡ್ತಾನೆ ಪಾಪ. ನನಗೆ ಹೇಳೋಕೂ ಆಗಲಿಲ್ಲ ಅವನಿಗೆ."

"ಹಿಮ ಕರಗಲಿ ಮಿಸಸ್ ಬಿಲಿನ್‌ಸ್ಕಿ, ಕರ್ಕೊಂಡು ಹೋಗ್ತೀನಿ. ಹೆರ್ಶ್ ಗೇಟಿನ ತನಕ ಬರ್ತಾನೆ."

ಬಾಗಿಲಲ್ಲಿ ಟೋಪಿ ಹಿಡಿದು ನಿಂತ ಹೆರ್ಶ್ ತಲೆಯಾಡಿಸುತ್ತಾರೆ. ಪೇಸ್ಯಾರ ಕಣ್ಣು ಅವರ ಕಡೆಗಿಲ್ಲ. ಪುಟದ ಮೇಲೆ ಬಗ್ಗಿದ್ದಾರೆ, ಬೆರಳು ಸಾಲಿನ ಕೊನೆಗೆ ಹೋಗಿ ನಿಂತಿದೆ.

"ವೆಲ್ವಲ್ ಮಗ ಅಂತಿದೆ. ನಂದೆಲ್ಲಿ?"

ಇಲ್ಲ. ಇಡೀ ದಫ್ತರದಲ್ಲಿ ಯಾವ ಮಗುವಿನ ಮುಂದೆಯೂ ತಾಯಿಯ ಹೆಸರಿಲ್ಲ. ಹಳೆಯ ಪುಟಕ್ಕೆ ಒಂದಕ್ಷರ ಸೇರಿಸಬಾರದು, ಒಂದಕ್ಷರ ಅಳಿಸಬಾರದು ಎಂಬುದು ಶೇಂಡಲ್ ತಮ್ಮ ನೆಲಮಾಳಿಗೆಗೆ ತಾವೇ ಮಾಡಿಟ್ಟುಕೊಂಡ ಕಾನೂನು. ಒಮ್ಮೆ ಅಂಚಿನಲ್ಲಿ ಟಿಪ್ಪಣಿ ಹಾಕಲು ಹೋದ ರಬ್ಬಿಯ ಕೈಯಿಂದಲೇ ಪೆನ್ನು ಕಿತ್ತುಕೊಂಡವರು ಅವರು. ಈಗ ಕೈಚೀಲ ತಡಕಾಡುತ್ತಾರೆ. ಮೊಂಡು ಪೆನ್ಸಿಲೊಂದು ಸಿಗುತ್ತದೆ. ನಾಲ್ಕನೆಯ ಸಾಲಿನ ಅಂಚಿನಲ್ಲಿ, ತಾವು ಅಜ್ಜಿಯಿಂದ ಕಲಿತ ಅಕ್ಷರಗಳಲ್ಲಿ, ‘ತಾಯಿ: ಪೇಸ್ಯಾ’ ಎಂದು ಬರೆದು, ಕೆಳಗೆ ತಮ್ಮ ರುಜು ಹಾಕುತ್ತಾರೆ.

"ಶೇಂಡಲ್!" ಹೆರ್ಶ್‌ಗೆ ನಂಬಲಾಗುತ್ತಿಲ್ಲ. "ಏನಿದು, ನೀನೇ?"

ಶೇಂಡಲ್ ದಫ್ತರ ಮುಚ್ಚಿ, ಬಟ್ಟೆ ಸುತ್ತಿ, ಎದೆಗವಚಿಕೊಳ್ಳುತ್ತಾರೆ.

"ಪೆನ್ಸಿಲಲ್ಲೇ ಬರೆದಿರೋದು. ಅಳಿಸೋ ಧೈರ್ಯ ಇರೋರು ಬಂದು ಅಳಿಸ್ಲಿ."